ಯಾವ ಮಾತ್ರೆಯೂ ಇಲ್ಲ ಅಂದವಳು

ಕಾಮಾಲೆಗೆ ನಮ್ಮ ಕೇರಿಯವರ ಬಳಿ ಇರುವುದು ಒಂದೇ ಕಾರಣ, ನೀರು. ಯಾರ ಕಣ್ಣು ಹಳದಿಯಾದರೂ ಎಲ್ಲಿ ನೀರು ಕುಡಿದೆ ಎಂದು ಕೇಳುತ್ತಾರೆ, ಬೇರು ಅರೆದು ಕುಡಿಸುತ್ತಾರೆ, ಮೀನು ಬಿಡಿಸುತ್ತಾರೆ. ಯಾವ ಔಷಧಿ ನುಂಗುತ್ತಿದ್ದೀಯೆ ಎಂದು ಒಬ್ಬರೂ ಕೇಳುವುದಿಲ್ಲ. ನೆನೆದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ. ಆದರೆ ನನ್ನ ಅಮ್ಮನನ್ನು ಒಬ್ಬರು ಕೇಳಿದ್ದರು. ಉತ್ತರ ಕೊಟ್ಟವಳು ನಾನು.

ಅಮ್ಮ ಅಂಕೋಲೆಯಲ್ಲಿ ಮನೆಮನೆಗೆ ಮೀನು ಮಾರುತ್ತಿದ್ದಳು. ಕೊಟ್ಟು ಎದ್ದು ಹೋಗುವ ಮಾರಾಟವಲ್ಲ ಅದು. ಹಿತ್ತಿಲ ಮೆಟ್ಟಿಲ ಮೇಲೆ ಕುಳಿತು, ಆ ಮನೆಯ ಪಾತ್ರೆಯಲ್ಲೇ ಮೀನು ಹೆಚ್ಚಿ ತೊಳೆದು, ಅವರು ಕೊಟ್ಟ ಚಹಾ ಕುಡಿದು ಏಳಬೇಕು. ಇಂಥವಳಿಗೆ ಕ್ಷಯ ಎಂದು ಗೊತ್ತಾದಾಗ ಅವಳು ರೋಗಕ್ಕೆ ಹೆದರಲಿಲ್ಲ, ಆ ಮನೆಗಳಿಗೆ ಹೆದರಿದಳು.

"ಗುಳಿಗೆ ಒಂದಿನಾನೂ ತಪ್ಪಿಸೂದಿಲ್ಲ. ಆದ್ರೆ ಯಾರಿಗೂ ಹೇಳ್ಬೇಡ. ಗೊತ್ತಾದ್ರೆ ನಾ ಹೆಚ್ಚಿದ ಮೀನು ಯಾರು ತಿಂತ್ರು?" ಅಂದಳು.

ಮೊದಲ ಕೆಲವು ವಾರ ಮನೆಯಲ್ಲೇ ಇರಬೇಕೆಂದು ಕಾರವಾರದ ಕ್ಷಯ ಕೇಂದ್ರದಲ್ಲಿ ಹೇಳಿದ್ದರು. ಸೊಂಟ ಹಿಡಿದಿದೆ ಎಂದು ಊರಿಗೆಲ್ಲ ಸಾರಿದೆವು. ದಿನಾ ಕಾರವಾರಕ್ಕೆ ಕೆಲಸಕ್ಕೆ ಹೋಗಿಬರುತ್ತಿದ್ದ ನಾನು ಅಲ್ಲಿಂದಲೇ ಮಾತ್ರೆ ತರುತ್ತಿದ್ದೆ. ಅವಳು ಅದನ್ನು ಟ್ರಂಕಿನೊಳಗೆ ಸೀರೆಗಳ ಅಡಿಗೆ ಇಡುತ್ತಿದ್ದಳು. ಮಾತ್ರೆ ಕೊಡುವಾಗ ಒಂದು ಮಾತು ಹೇಳಿದ್ದರು: ವಾಂತಿಯಾದರೆ, ಕಣ್ಣು ಹಳದಿಯಾದರೆ ತಡಮಾಡದೆ ಬನ್ನಿ.

ಎರಡನೆಯ ತಿಂಗಳು ಅವಳಿಗೆ ಅನ್ನ ಸೇರದಾಯಿತು. ಜೀವಮಾನವೆಲ್ಲ ಮೀನಿನ ನಡುವೆ ಬದುಕಿದವಳು ಬಂಗಡೆಯ ವಾಸನೆಗೆ ವಾಂತಿ ಮಾಡತೊಡಗಿದಳು. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿತು. ಆಮೇಲೆ ಕಣ್ಣು. ಆಗಲೇ ಕೇರಿಯಲ್ಲಿ ಇಬ್ಬರಿಗೆ ಕಾಮಾಲೆಯಾಗಿತ್ತು, ಹಾಗಾಗಿ ತೀರ್ಪು ಮೊದಲೇ ಸಿದ್ಧವಿತ್ತು. ಕಾರವಾರದಲ್ಲಿ ಹೇಳಿದ ಮಾತು ನಾನು ಮರೆತಿರಲಿಲ್ಲ. ಆದರೂ ಎಲ್ಲರೂ ನೀರು ನೀರು ಅಂದಾಗ ನಾನೂ ನೀರು ಎಂದೇ ನಂಬಿದೆ. ನೀರಾದರೆ ನಾಚಿಕೆ ಇಲ್ಲವಲ್ಲ.

ಅಂಕೋಲೆಯ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಅವರು ಹೊಟ್ಟೆ ಒತ್ತಿ ನೋಡಿ, ಬೇರೆ ಯಾವುದಾದರೂ ಮಾತ್ರೆ, ನಾಟಿ ಮದ್ದು ನಡೆದಿದೆಯೇ ಎಂದು ಕೇಳಿದರು. ಬಾಗಿಲು ಹಾರು ಹೊಡೆದು ತೆರೆದೇ ಇತ್ತು. ಹೊರಗಿನ ಬೆಂಚಿನ ಮೇಲೆ, ನಾಲ್ಕೇ ಮಾರು ದೂರದಲ್ಲಿ, ಪ್ರತಿ ಭಾನುವಾರ ಅಮ್ಮನಿಂದ ಮೀನು ಕೊಳ್ಳುವ ಟೀಚರು ಕುಳಿತು ನಮ್ಮನ್ನೇ ನೋಡುತ್ತಿದ್ದರು. ಅಮ್ಮ ನನ್ನ ಮುಖ ನೋಡಿದಳು.

"ಎಂತದೂ ಇಲ್ಲ" ಅಂದೆ.

ಆ ಡಾಕ್ಟರರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಬಾಗಿಲು ಮುಚ್ಚಿ ಕೇಳಲು ಅವರ ಗಂಟೇನು ಹೋಗುತ್ತಿತ್ತು? ಟೀಚರ ಮೇಲೂ ಸಿಟ್ಟಿದೆ, ಪಾಪ ಅವರು ಏನೂ ಮಾಡಿರಲಿಲ್ಲ. ನನ್ನ ಮೇಲಿನ ಸಿಟ್ಟು ಹೊರಲಾರದೆ ಅದನ್ನು ಊರಿಗೆಲ್ಲ ಹಂಚುತ್ತಿದ್ದೇನೆ ಎಂದು ನನಗೆ ಗೊತ್ತು. ವೈರಸ್ಸಿನ ಕಾಮಾಲೆ ಇರಬೇಕು, ವಿಶ್ರಾಂತಿ ಕೊಡಿ, ರಕ್ತ ಪರೀಕ್ಷೆ ಮಾಡಿಸಿ ಎಂದು ಡಾಕ್ಟರು ಬರೆದುಕೊಟ್ಟರು. ರಕ್ತ ಕೊಟ್ಟು ಮನೆಗೆ ಬಂದೆವು.

ಮರುದಿನದಿಂದ ಅಮ್ಮ ಬೆಳಿಗ್ಗೆ ನೆರೆಮನೆಯವರು ಅರೆದುಕೊಟ್ಟ ಬೇರಿನ ರಸ ಕುಡಿದು, ಅದರ ಹಿಂದೆಯೇ ಕ್ಷಯದ ಮಾತ್ರೆ ನುಂಗುತ್ತಿದ್ದಳು. ವಾಂತಿಯಾದರೆ ಸುಧಾರಿಸಿಕೊಂಡು ಮತ್ತೆ ನುಂಗುತ್ತಿದ್ದಳು. ಅಷ್ಟು ನಿಷ್ಠೆ. ನೀರು ತಂದುಕೊಡುತ್ತಿದ್ದವಳು ನಾನೇ.

ಎಂಟು ದಿನ ಕಳೆದ ಮೇಲೆ ಅವಳ ಮಾತು ದಿಕ್ಕುತಪ್ಪತೊಡಗಿತು. ನನ್ನನ್ನು ಯಾವುದೋ ಮನೆಯ ಹೆಂಗಸೆಂದು ತಿಳಿದು ಇಶ್ವಾಣ ಮೀನು ಬೇಕೋ ಎಂದು ಕೇಳಿದಳು. ಕಾರವಾರದ ಆಸ್ಪತ್ರೆಗೆ ಸೇರಿಸಿದೆ. ಅಲ್ಲಿಯ ಡಾಕ್ಟರಮ್ಮ ರಕ್ತದ ರಿಪೋರ್ಟುಗಳನ್ನೆಲ್ಲ ಹರಡಿಕೊಂಡು ಕೂತರು.

"ಒಂದು ವೈರಸ್ಸೂ ಸಿಕ್ಕಿಲ್ಲ. ಹಳದಿ ಎರಡರಲ್ಲೂ ಒಂದೇ ಥರ ಇರ್ತದೆ, ಕಣ್ಣು ನೋಡಿ ನೀರಿಂದು, ಮಾತ್ರೆದು ಅಂತ ಹೇಳೂಕೆ ಬರೂದಿಲ್ಲ. ಏನು ತಿಂತಿದ್ರು ಅಂತ ನೀವೇ ಹೇಳ್ಬೇಕು."

ಚೀಲದಿಂದ ಮಾತ್ರೆಯ ಹಾಳೆ ತೆಗೆದು ಮೇಜಿನ ಮೇಲಿಟ್ಟೆ. ಅವರು ಅದನ್ನು ನೋಡಿ ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು. ಬೈಯಲಿಲ್ಲ. ಇದರಿಂದ ಲಿವರಿಗೆ ಪೆಟ್ಟು ಬೀಳುವುದು ಕೆಲವರಿಗೆ ಮಾತ್ರ, ಕಣ್ಣು ಹಳದಿಯಾದ ದಿನವೇ ಗೊತ್ತಾಗಿದ್ದರೆ ನಿಲ್ಲಿಸುತ್ತಿದ್ದೆವು, ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ, ಆಮೇಲೆ ನೋಡಿಕೊಂಡು ಒಂದೊಂದೇ ಮಾತ್ರೆ ಮತ್ತೆ ಶುರು ಮಾಡಲು ಬರುತ್ತದೆ ಎಂದರು. ಅವರು ಹೇಳುತ್ತ ಹೋದರು, ನಾನು ದಿನ ಎಣಿಸುತ್ತ ಕೂತಿದ್ದೆ.

ಅಮ್ಮ ನಾಲ್ಕನೆಯ ದಿನ ತೀರಿಕೊಂಡಳು.

ಸೂತಕ ಕಳೆದ ವಾರ ಪಂಚಾಯತಿಯವರು ನಮ್ಮ ಮನೆಗೆ ಬಂದರು. ಕಾಮಾಲೆಯಿಂದ ಸಾವಾಗಿದೆ ಎಂದು ಕೇರಿಯವರು ದೂರು ಕೊಟ್ಟಿದ್ದರಂತೆ, ನಮ್ಮ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಬೇಕಿತ್ತು. ನನ್ನ ಅಣ್ಣನ ಹೆಂಡತಿ ಆಗಲೇ ಅಮ್ಮನ ಬುಟ್ಟಿ ಹೊತ್ತು ಅವೇ ಮನೆಗಳಿಗೆ ಹೋಗತೊಡಗಿದ್ದಳು. ಮಾತ್ರೆಯ ವಿಷಯ ಹೇಳಿದರೆ ಅವಳ ಬುಟ್ಟಿಯನ್ನೂ ಯಾರೂ ಇಳಿಸಿಕೊಳ್ಳುತ್ತಿರಲಿಲ್ಲ. ಕೊಡಪಾನ ಬದಿಗೆ ಸರಿಸಿ, ಹಾಕಿ ಅಂದೆ.