ನಾರಾಯಣಮ್ಮನ ಮನೆಯ ಮುಗಿಯದ ಪಕ್ಷ

ಜರಗನಹಳ್ಳಿಯ ನಾರಾಯಣಮ್ಮನಿಗೆ ಮೊಂಡಿ ಎಂಬ ಹೆಸರು ಮದುವೆಯಾಗಿ ಬಂದ ಹೊಸತರಲ್ಲೇ ಬಿದ್ದಿತ್ತು. ನಮ್ಮ ಬೀದಿಯವರು ಬೈಯಲೆಂದು ಇಟ್ಟ ಹೆಸರು. ನನ್ನನ್ನು ಕೇಳಿದರೆ ಅದು ಬಿರುದು.

ಅವರ ಹೊಲವೆಲ್ಲ ಲೇಔಟ್ ಆದ ಮೇಲೆ ಉಳಿದದ್ದು ಕೆರೆಯ ಅಂಚಿನ ಒಂದು ತುಂಡು ಜೌಗು ನೆಲ. ಪಿತೃಪಕ್ಷದ ಹೊತ್ತಿಗೆ ಉತ್ತರದ ಬೆಟ್ಟಗಳಿಂದ ಕುಂಡೆಕುಸ್ಕ ಹಕ್ಕಿ ಬಂದು ಅಲ್ಲಿಳಿಯುತ್ತಿತ್ತು. ಹೆಸರೇ ಹೇಳುವಂತೆ ಬಾಲದ ಭಾಗ ಕುಣಿಸುತ್ತಾ ಕೆಸರಲ್ಲಿ ಹುಳ ಹೆಕ್ಕುವ ಪುಟ್ಟ ಹಕ್ಕಿ. ಅದು ಕಂಡರೆ ಆ ಮನೆಯಲ್ಲಿ "ಹಿರೇರು ಬಂದ್ರು" ಎನ್ನುವುದು ವಾಡಿಕೆ. ಆಮೇಲೆಯೇ ತೀರಿಹೋದವರಿಗೆ ಎಡೆ. ಬದುಕಿದ್ದಷ್ಟು ಕಾಲ ಗತ್ತಿನಲ್ಲಿದ್ದ ಮಾವ ಹಾಗೆ ಕುಣಿಯುತ್ತಾ ಬರುವುದನ್ನು ನೆನೆದು ಸೊಸೆಯಂದಿರು ಬಾಯಿಗೆ ಸೆರಗು ಮುಚ್ಚಿಕೊಂಡು ನಗುತ್ತಿದ್ದರು.

ತೊಂಬತ್ತರ ದಶಕ ಕಳೆಯುತ್ತಾ ಹಕ್ಕಿ ತಡಮಾಡತೊಡಗಿತು. ಎರಡು ಸಾವಿರದ ಎರಡರಲ್ಲಿ ಮಹಾಲಯ ಅಮಾವಾಸ್ಯೆ ಕಳೆದರೂ ಸುಳಿವಿಲ್ಲ. ಗಂಡ ಬೋರಣ್ಣನಿಗೆ ಅದೇ ಬೇಕಿತ್ತು. ಜೌಗು ಮುಚ್ಚಿ ಬಾಡಿಗೆ ಮನೆ ಕಟ್ಟಬೇಕೆಂಬುದು ಅವನ ಬಹುದಿನದ ಆಸೆ.

"ಹಿರೇರೇ ಕೈ ಬಿಟ್ರಲ್ಲೇ, ಇನ್ನೇನು ಅಡ್ಡಿ?" ಎಂದವನೇ ಗುದ್ದಲಿಪೂಜೆಗೆ ಪುರೋಹಿತರನ್ನು ಕರೆದ, ಮಣ್ಣು ತುಂಬಿದ ಲಾರಿಯನ್ನೂ ತರಿಸಿದ.

ನಾರಾಯಣಮ್ಮ ಕಂಗಾಲಾದಳು. ಮಹಡಿಯಲ್ಲಿ ಬಾಡಿಗೆಗಿದ್ದ ಬಿಜಾಪುರದ ಕಡೆಯ ಮಧುಮತಿ ಪೇಪರಿನಲ್ಲಿ ಓದಿದ್ದನ್ನು ಹೇಳಿದಳು: "ಭೂಮಿ ಬಿಸಿ ಆಗಾಕತ್ತೈತ್ರಿ ಆಂಟಿ. ಅಲ್ಲಿ ಉತ್ತರದ ಗುಡ್ಡದಾಗ ಥಂಡಿನ ಲಗೂ ಬೀಳವಲ್ದು. ಥಂಡಿ ಬೀಳದಿದ್ರ ಹಕ್ಕಿ ಯಾಕ ಹೊಂಡತಾವ್ರಿ?"

ಅಷ್ಟು ಸಾಕಾಯಿತು. ನಾರಾಯಣಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಲಾರಿಯ ಮುಂದೆ ನಿಂತಳು.

"ಹಿರೇರು ಕೈ ಬಿಟ್ಟಿಲ್ಲ, ತಡವಾಗಿ ಹೊರಟಿದ್ದಾರೆ. ಎಡೆ ಇಟ್ಟಿಲ್ಲ ಅಂದ್ಮೇಲೆ ನಮ್ಮನೇಲಿ ಪಕ್ಷ ಮುಗ್ದಿಲ್ಲ. ಪಕ್ಷದಲ್ಲಿ ಗುದ್ಲಿಪೂಜೆ ಮಾಡ್ತಾರಾ ಸ್ವಾಮಿ?"

"ಪಂಚಾಂಗದಲ್ಲಿ ಮುಗ್ದೋಯ್ತಲ್ಲಮ್ಮ," ಎಂದರು ಪುರೋಹಿತರು.

"ಎಡೆ ಇಡೋದು ಪಂಚಾಂಗಕ್ಕಾ, ಹಿರೇರಿಗಾ?"

ಪುರೋಹಿತರು ಬೋರಣ್ಣನ ಮುಖ ನೋಡಿದರು. ಅಪ್ಪನಿಗೆ ಎಡೆ ಇಡದೆ ಪಾಯ ತೋಡುವ ಧೈರ್ಯ ಅವನಿಗೂ ಇರಲಿಲ್ಲ. ಲಾರಿ ಬಂದ ಹಾಗೇ ವಾಪಸು ಹೋಯಿತು.

ದಸರೆಗೂ ಆ ಮನೆಯಲ್ಲಿ ಪಕ್ಷ, ದೀಪಾವಳಿಗೂ ಪಕ್ಷ! ಬೀದಿಗೆ ಬೀದಿಯೇ ನಕ್ಕಿತು.

"ನಿಮ್ಮ ಮಾವ ಬಸ್ ಮಿಸ್ ಮಾಡ್ಕೊಂಡ್ರೇನೇ?" ಎಂದು ಪಕ್ಕದ ಮನೆ ಗೋವಿಂದಮ್ಮ ಕೆಣಕಿದಳು.

"ನೆಂಟ್ರು ತಡ ಮಾಡಿದ್ರೆ ಬಾಗ್ಲು ಹಾಕ್ಕೊಳ್ಳೋದು ನಿಮ್ಮನೇಲಿ. ನಮ್ಮನೇಲಿ ಕಾಯ್ತೀವಿ."

ಬಾಯೇನೋ ಜೋರು. ಆದರೂ ಅವಳು ಬೆಳಗಾದರೆ ಕೆರೆಯಂಚಿಗೆ ಓಡುತ್ತಿದ್ದುದನ್ನು ನಾನೇ ಕಂಡಿದ್ದೇನೆ.

ಕಾರ್ತಿಕದ ಒಂದು ಬೆಳಿಗ್ಗೆ ಕೆಸರಿನಲ್ಲಿ ಪುಟ್ಟ ಬಾಲವೊಂದು ಕುಣಿಯಿತು. ನಾರಾಯಣಮ್ಮ ಅತ್ತಳು, ಅಳುತ್ತಲೇ ವಡೆ ಕರಿದಳು. ಎಡೆಗೆ ಅಡ್ಡಬಿದ್ದು ಎದ್ದ ಬೋರಣ್ಣ ಊಟಕ್ಕೆ ಕೂತು, ಮೆಲ್ಲಗೆ ಕೇಳಿದ: "ಪಕ್ಷ ಮುಗೀತಲ್ಲ, ಲಾರಿಗೆ ಹೇಳ್ಲಾ?"

"ಹೇಳಿ. ಬಂದಿಳಿದಿರೋ ನಿಮ್ಮಪ್ಪನ ತಲೆ ಮೇಲೇನೇ ಮಣ್ಣು ಸುರೀಲಿ," ಎಂದು ಅವಳು ಅವನ ಎಲೆಗೆ ಇನ್ನೊಂದು ವಡೆ ಹಾಕಿದಳು.