ತಪ್ಪಿಗೊಂದು ಲೋಟ ಟೀ

ಹೊಲಿಗೆ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಬಿರುಗಾಳಿ ಎಂದೇ ಕರೆಯುತ್ತಿದ್ದರು. ಮೂವತ್ತೆರಡು ಮಿಷನ್‌ಗಳ ರಿಪೇರಿ ಅವಳದು. ಕೆಟ್ಟಿದೆ ಎಂಬ ಮಾತು ಮುಗಿಯುವುದರೊಳಗೆ ಅವಳ ಸ್ಕ್ರೂಡ್ರೈವರ್ ಮಿಷನ್ನಿನ ಹೊಟ್ಟೆಯೊಳಗಿರುತ್ತಿತ್ತು. ಮೊದಲ ಊಹೆ ಸರಿಯಾದರೆ ಅವಳಷ್ಟು ಚುರುಕಿನವರಿಲ್ಲ. ತಪ್ಪಿದರೆ ಕಷ್ಟ. ಹೆದರಿಸಿದರೆ ಕೈ ಇನ್ನೂ ಜೋರಾಗುತ್ತಿತ್ತು. ಬಹುಮಾನದ ಆಸೆ ತೋರಿಸಿದರೆ ಕಣ್ಣೆದುರಿನದೂ ಕಾಣುತ್ತಿರಲಿಲ್ಲ.

ಯಜಮಾನರು ಒಂದು ದಿನ ಎರಡನ್ನೂ ಒಟ್ಟಿಗೇ ಮಾಡಿದರು. ಕಾಲರ್ ಹೊಲಿಯುವ ಮಿಷನ್ ಬೆಳಿಗ್ಗೆಯಿಂದ ನಡುನಡುವೆ ಹೊಲಿಗೆ ಬಿಡುತ್ತಿತ್ತು.

"ಊಟದ ಹೊತ್ತಿಗೆ ಸರಿಮಾಡಿದ್ರೆ ನೀನೇ ಹೆಡ್ ಮೆಕ್ಯಾನಿಕ್. ಇಲ್ಲಾಂದ್ರೆ ನಾಳೆಯಿಂದ ಪ್ಯಾಕಿಂಗ್‌ಗೆ ಹೋಗು."

ಪ್ಯಾಕಿಂಗ್ ಕೋಣೆಯಲ್ಲಿ ಬಿಚ್ಚುವುದಕ್ಕೆ ಏನೂ ಇಲ್ಲ, ಬರೀ ಮಡಿಸುವುದು. ಅವಳು ಸ್ಕ್ರೂಡ್ರೈವರ್ ಎತ್ತಿಕೊಂಡಳು. ದಾರದ ಬಿಗಿ ಸಡಿಲಿಸಿದಳು. ಆಗಲಿಲ್ಲ. ಕೆಳಗಿನ ದಾರದ ಬಾಬಿನ್ ಕೇಸ್ ಬದಲಿಸಿದಳು. ಊಹೂಂ. ಮಿಷನ್ನನ್ನು ಮಗುಚಿ ಅಡಿಯ ಸ್ಕ್ರೂಗಳಿಗೇ ಕೈಹಾಕಿದಳು.

ಆಗ ಬಟ್ಟೆ ಕತ್ತರಿಸುವ ಮೇಜಿನಿಂದ ಅವಳ ಅತ್ತಿಗೆ, ಅಣ್ಣನ ಹೆಂಡತಿ, ಎದ್ದು ಬಂದಳು. ಕೈಯಲ್ಲಿ ಅಂಚಿನವರೆಗೂ ತುಂಬಿದ ಬಿಸಿ ಟೀ.

"ಹಿಡ್ಕೋ."

"ಈಗೆಂಥ ಟೀ, ಅತ್ತಿಗೆ? ಸರಿಹೋದ್ಮೇಲೆ ಕೊಡಿ."

"ಸರಿಹೋದ್ಮೇಲೆ ಯಾರಿಗ್ ಬೇಕು? ತಪ್ಪಿದ್ದೀಯಲ್ಲ, ಅದಕ್ಕೇ ತಂದೆ. ಎರಡೂ ಕೈಯಲ್ಲಿ ಹಿಡ್ಕೋ. ಚೆಲ್ಲಿದ್ರೆ ನಿಮ್ಮಣ್ಣಂಗೆ ಹೇಳ್ತೀನಿ."

"ಇದೇನು ಹೋಟ್ಲಾ?" ಎಂದರು ಅಲ್ಲೇ ನಿಂತಿದ್ದ ಯಜಮಾನರು.

"ನಿಮಗೂ ಒಂದು ಲೋಟ ತರ್ಲಾ ಸಾರ್? ನೀವೂ ಆತುರದಲ್ಲೇ ಇದ್ದೀರಿ."

ಲೋಟ ಸುಡುತ್ತಿತ್ತು. ಕೈಗಳು ಕಟ್ಟಿಹಾಕಿದಂತಾಗಿ, ಬಿರುಗಾಳಿ ಊದುತ್ತಾ, ಗುಟುಕರಿಸುತ್ತಾ ಸುಮ್ಮನೆ ಮಿಷನ್ನನ್ನೇ ನೋಡಿದಳು. ಬೆಳಿಗ್ಗೆ ಮೊದಲು ಏನು ಮಾಡಿದೆ? ಬಾಗಿದ್ದ ಸೂಜಿ ತೆಗೆದು ಹೊಸದು ಹಾಕಿದೆ. ಮುಗಿದ ಕೆಲಸವೆಂದು ಮತ್ತೆ ಅತ್ತ ತಿರುಗಿಯೂ ನೋಡಿರಲಿಲ್ಲ. ಈಗ ಬಗ್ಗಿ ನೋಡಿದಳು.

"ಅತ್ತಿಗೆ, ಸೂಜಿ ಹಿಂದುಮುಂದಾಗಿ ಕೂತಿದೆ."

"ಯಾವ ಪುಣ್ಯಾತ್ಮರು ಹಾಕಿದ್ದು?"

"ನಾನೇ."

ಲೋಟ ಕೆಳಗಿಡಲು ಹೋದವಳನ್ನು ಅತ್ತಿಗೆ ಕಣ್ಣಲ್ಲೇ ಗದರಿದಳು. ಅವಳು ಪೂರ್ತಿ ಕುಡಿದಳು. ಆಮೇಲೆ ಸ್ಕ್ರೂಗಳನ್ನೂ ದಾರವನ್ನೂ ಮೊದಲಿನಂತೆ ಬಿಗಿ ಮಾಡಿ, ಮಿಷನ್ ನೆಟ್ಟಗೆ ನಿಲ್ಲಿಸಿ, ಸೂಜಿ ತಿರುಗಿಸಿ ಹಾಕಿ, ಒಂದು ಚೂರು ಬಟ್ಟೆ ಓಡಿಸಿದಳು. ಒಂದೂ ಹೊಲಿಗೆ ತಪ್ಪಲಿಲ್ಲ. ಊಟಕ್ಕಿನ್ನೂ ಹತ್ತು ನಿಮಿಷವಿತ್ತು.

ಯಜಮಾನರು ಆ ಚೂರು ಬಟ್ಟೆಯನ್ನು ಎತ್ತಿ ನೋಡಿದರು. "ಆಯ್ತಮ್ಮಾ, ಕೊಟ್ಟ ಮಾತು ಕೊಟ್ಟಿದ್ದೇ. ಇವತ್ತಿಂದ ನೀನೇ ಹೆಡ್."

"ಅದು ಹಾಗಿರ್ಲಿ ಸಾರ್," ಎಂದಳು ಬಿರುಗಾಳಿ. "ಮೊದಲು ಅತ್ತಿಗೆಯ ಮೇಜನ್ನ ನನ್ನ ಪಕ್ಕಕ್ಕೆ ಹಾಕಿಸಿ."