ಟಾನ್ಯಾ ಬೆಂಗಾಲ್ ಉರುಫ್ ಲೂಸಿ ಆಂಟಿ

ಲೂಸಿ ಆಂಟಿ ನನ್ನ ಕಣ್ಣೆದುರಿಗೆ ಮೊದಲ ಸಲ ಸತ್ತದ್ದು ಕ್ಯಾಲಿಫೋರ್ನಿಯಾದ ಯೂನಿಯನ್ ಸಿಟಿಯಲ್ಲಿ ಬಟ್ಟೆ ಆಲ್ಟರೇಶನ್ ಮಾಡುವ ಒಂದು ಅಂಗಡಿಯಲ್ಲಿ, ನನ್ನ ರವಿಕೆಯ ತೋಳಿನ ಅಳತೆ ತೆಗೆಯುತ್ತಿರುವಾಗ. ತುಟಿಯ ನಡುವೆ ಹಿಡಿದಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟು, "ಬಾಣ ಇಲ್ಲಿ ತಾಗಿತು ಅಂತ ಇಟ್ಕೋ" ಎಂದು ಎಡಪಕ್ಕೆ ತೋರಿಸಿದರು. ಒಂದು ಮೊಣಕಾಲು ಸಡಿಲವಾಯಿತು, ಆಮೇಲೆ ಇನ್ನೊಂದು. ಕಣ್ಣುಗುಡ್ಡೆ ಮೇಲಕ್ಕೆ ಹೋಯಿತು. ಕಪಾಟಿಗೆ ತಲೆ ಹೊಡೆಯದಂತೆ ಅರ್ಧ ಸುತ್ತು ತಿರುಗಿ ಕಾರ್ಪೆಟ್ಟಿನ ಮೇಲೆ ಉದ್ದಕ್ಕೆ ಬಿದ್ದುಬಿಟ್ಟರು. ಅಯ್ಯಯ್ಯೋ, ನನಗೆ ಜೀವ ಬಾಯಿಗೆ ಬಂತು! ಇಸ್ತ್ರಿಯ ಶರ್ಟು ಒಯ್ಯಲು ಬಂದಿದ್ದ ಗಿರಾಕಿಯೊಬ್ಬ ಫೋನಿಗೆ ಕೈ ಹಾಕಿದ. ಅಷ್ಟರಲ್ಲಿ ಆಂಟಿ ಎದ್ದು ಸ್ಕರ್ಟು ಕೊಡವಿಕೊಂಡು, "ಇದು ಬಾಣದ್ದು. ಚಾಕುವಿಗೆ ಹೀಗೆ ಬೀಳ್ಲಿಕ್ಕಿಲ್ಲ, ಮುಂದಕ್ಕೆ ಬೀಳ್ಬೇಕು" ಎಂದು ಮತ್ತೆ ನನ್ನ ತೋಳಿಗೆ ಟೇಪು ಸುತ್ತಿದರು.

ನಾನು ಕೇಳಿದ್ದು ಇಷ್ಟೇ: "ಹೊಲಿಗೆಗೆ ಮುಂಚೆ ಏನ್ ಮಾಡ್ತಿದ್ರಿ ಆಂಟಿ?" ಅಂತ. "ಸಾಯ್ತಿದ್ದೆ" ಅಂದರು. ನನಗೆ ಅರ್ಥವಾಗಲಿಲ್ಲವೆಂದು ಮಾಡಿ ತೋರಿಸಿದರು.

ಆಂಟಿ ಬಂಟ್ವಾಳದ ಕಡೆಯವರು. ಮನೆಯಲ್ಲಿ ಕೊಂಕಣಿ, ಕನ್ನಡ ಶಾಲೆಯಲ್ಲಿ ಕಲಿತದ್ದು. ಹತ್ತೊಂಬತ್ತನೆಯ ವಯಸ್ಸಿಗೆ ಸಿಸ್ಟರುಗಳ ಜೊತೆ ರೋಮಿಗೆ ಹೋದರು. ಕಾನ್ವೆಂಟಿನ ವೃದ್ಧಾಶ್ರಮದಲ್ಲಿ ಮುದುಕಿಯರಿಗೆ ಸ್ನಾನ ಮಾಡಿಸುವ ಕೆಲಸ. ಒಂದು ದಿನ ಯಾರೋ ಒಬ್ಬ ಗೇಟಿನ ಹತ್ತಿರ ಬಂದು, ಕಾಡಿನ ಸಿನಿಮಾಕ್ಕೆ ಕಂದು ಬಣ್ಣದ ಹುಡುಗಿ ಬೇಕಾಗಿದ್ದಾಳೆ, ಒಂದೇ ದಿನದ ಕೆಲಸ ಅಂದನಂತೆ. ಆ ಒಂದು ದಿನ ಹತ್ತು ವರ್ಷವಾಯಿತು. ಆ ಕಾಲದ ಇಟಲಿಯಲ್ಲಿ ಅಂಥ ಅಗ್ಗದ ಸಿನಿಮಾಗಳನ್ನು ದೋಸೆ ಹುಯ್ದ ಹಾಗೆ ಹುಯ್ಯುತ್ತಿದ್ದರಂತೆ: ರಕ್ತ, ರಬ್ಬರಿನ ಹಾವು, ಅರೆಬೆತ್ತಲೆ ಹೆಂಗಸರು. ರೋಮಿನ ಹೊರಗಿನ ಒಂದು ಹೊಳೆ ಈ ವಾರ ಅಮೆಜಾನ್, ಮುಂದಿನ ವಾರ ಬೋರ್ನಿಯೋ. ಆಂಟಿ ಒಂದರಲ್ಲಿ ಕಾಡುದೇವತೆಯ ಪೂಜಾರಿಣಿ, ಇನ್ನೊಂದರಲ್ಲಿ ಗುಲಾಮಳು, ಮತ್ತೊಂದರಲ್ಲಿ ಕೈದಿ, ಯಾವುದೇ ಆಗಲಿ ಅರ್ಧ ಸಿನಿಮಾದ ಹೊತ್ತಿಗೆ ಸಾಯಲೇಬೇಕು. ತೆರೆಯ ಮೇಲಿನ ಹೆಸರಿನಲ್ಲಿ ಬಂಟ್ವಾಳ ಎನ್ನುವುದು ನಿರ್ಮಾಪಕನ ನಾಲಿಗೆಯಲ್ಲಿ ಹೊರಳದೆ ಬೆಂಗಾಲ್ ಆಯಿತು. ಲೂಸಿ ಎನ್ನುವ ಹೆಸರು ರೋಮಿನಲ್ಲೇ ಗಲ್ಲಿಗೊಂದು ಇದ್ದುದರಿಂದ ಟಾನ್ಯಾ ಆಯಿತು. ಮೈತುಂಬ ಬಟ್ಟೆಯಿಲ್ಲದೆ ಹೇಗೆ ನಿಂತಿರಿ ಎಂದು ನಾನು ಮೈಸೂರಿನ ಮಡಿವಂತಿಕೆಯಲ್ಲಿ ಕೇಳಿದ್ದಕ್ಕೆ, "ನಾಚಿಗೆ ಆಗ್ತಿತ್ತು ಮಾರಾಯ್ತಿ. ಅದಕ್ಕೇ ಉಡ್ಲಿಕ್ಕೆ ಕೊಡುವ ಎಲೆ ಎಲ್ಲ ನಾನೇ ಹೊಲೀತಿದ್ದೆ. ಅವ್ರು ನಾಲ್ಕು ಕೊಟ್ರೆ ನಾನು ಹದಿನಾಲ್ಕು ಸೇರಿಸಿ ಬಿಡುದು" ಎಂದರು. ಹೊಲಿಗೆ ಕಲಿತದ್ದೂ ಹಾಗೆಯೇ. ಕೊನೆಗೆ ಸಿನಿಮಾದ ಕುದುರೆಗಳನ್ನು ನೋಡಿಕೊಳ್ಳುತ್ತಿದ್ದ ಅಮೆರಿಕದವನೊಬ್ಬನನ್ನು ಮದುವೆಯಾಗಿ ಕ್ಯಾಲಿಫೋರ್ನಿಯಾಕ್ಕೆ ಬಂದರು. ನನಗೆ ಪರಿಚಯವಾಗುವ ಹೊತ್ತಿಗೆ ಆತ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ.

ನಿಂತಲ್ಲಿ ನಿಲ್ಲುವ ಜೀವವಲ್ಲ ಅದು. ಚಹಾ ಕುಡಿಯುತ್ತಾ ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಬಾಗಿಲಿಗೆ ನಡೆಯುತ್ತಲೇ ಇರುವರು, ಮಾತಾಡುವ ನಾವು ಕುತ್ತಿಗೆ ತಿರುಗಿಸಿ ತಿರುಗಿಸಿ ಸುಸ್ತಾಗಬೇಕು. ಎರಡು ವರ್ಷದಲ್ಲಿ ಮೂರು ಅಪಾರ್ಟ್‌ಮೆಂಟು ಬದಲಾಯಿಸಿದರು, ಮೂರೂ ಸಲ ಪೆಟ್ಟಿಗೆ ಹೊತ್ತವಳು ನಾನೇ. ಯಾಕೆ ಆಂಟಿ ಅಂದರೆ, "ಒಂದೇ ಗೋಡೆ ಎಷ್ಟು ದಿವ್ಸ ನೋಡುದು?" ಎನ್ನುವರು. ಬೈಯಬೇಕೆನ್ನಿಸುತ್ತಿತ್ತು. ಆದರೆ ನಮ್ಮದೇನು ಹೆಚ್ಚುಗಾರಿಕೆ? ಅದು ಡಾಟ್‌ಕಾಮಿನ ಕಾಲ. ಆರು ತಿಂಗಳು ಒಂದೇ ಕಂಪನಿಯಲ್ಲಿದ್ದವನನ್ನು ಎಲ್ಲರೂ ಕನಿಕರದಿಂದ ನೋಡುತ್ತಿದ್ದರು. ನಾನು ದಿನಾ ಸೇತುವೆ ದಾಟಿ ಪಾಲೋ ಆಲ್ಟೋಕ್ಕೆ ಹೋಗಿ, ಇಂಟರ್‌ನೆಟ್ಟಿನಲ್ಲಿ ಸಿನಿಮಾ ತೋರಿಸುತ್ತೇವೆಂದು ಹೊರಟ ಒಂದು ಕಂಪನಿಯಲ್ಲಿ ಟೆಸ್ಟರಾಗಿದ್ದೆ. ಅಂಚೆಚೀಟಿಯಷ್ಟು ಚೌಕದಲ್ಲಿ ಒಂದು ಕುದುರೆ ಓಡಬೇಕು, ಎರಡು ಹೆಜ್ಜೆ ಓಡಿ ನಿಂತುಬಿಡುತ್ತಿತ್ತು. ಯಾಕೆ ನಿಂತಿತು ಎಂದು ಬರೆದುಕೊಡುವುದು ನನ್ನ ಕೆಲಸ. ನನಗೂ ಊಟ ಸೇರುತ್ತಿರಲಿಲ್ಲ, ನಿದ್ದೆ ಬರುತ್ತಿರಲಿಲ್ಲ, ಗಂಡ ಶನಿವಾರವೂ ತನ್ನ ಆಫೀಸಿನಲ್ಲೇ ಇರುತ್ತಿದ್ದ, ನಾನು ಆಂಟಿಯ ಮನೆಗೆ ಓಡುತ್ತಿದ್ದೆ.

ಅವರ ಕಸುಬಿನ ಗುಟ್ಟು ನನಗೆ ಗೊತ್ತಾದದ್ದು ಅಂಥ ಒಂದು ಶನಿವಾರ. ಆ ಸಿನಿಮಾಗಳನ್ನು ತೆಗೆಯುವಾಗ ಧ್ವನಿ ಹಿಡಿಯುತ್ತಲೇ ಇರಲಿಲ್ಲವಂತೆ. ಒಬ್ಬ ಇಂಗ್ಲಿಷಿನಲ್ಲಿ, ಇನ್ನೊಬ್ಬ ಇಟಾಲಿಯನ್‌ನಲ್ಲಿ, ಮತ್ತೊಬ್ಬ ತನ್ನ ಭಾಷೆಯಲ್ಲಿ ಏನೋ ಒಂದು ಹೇಳುವುದು, ಆಮೇಲೆ ಸ್ಟುಡಿಯೋದಲ್ಲಿ ಬೇರೆ ಯಾರೋ ಎಲ್ಲರಿಗೂ ಮಾತು ಹಚ್ಚುವುದು. "ಡೈಲಾಗು ಬೇಡ, ತುಟಿ ಅಲ್ಲಾಡಿಸು ಸಾಕು" ಎಂದಿದ್ದರಂತೆ ಆಂಟಿಗೆ. ಇವರು ಮಗ್ಗಿ ಹೇಳಲು ಶುರುಮಾಡಿದರು! ಶಾಲೆಯ ಕನ್ನಡ ಮಗ್ಗಿ. ಅದರಲ್ಲೂ ಒಂದು ಕ್ರಮ. "ಶಾಪ ಹಾಕ್ಲಿಕ್ಕೆ ಹತ್ತೊಂಬತ್ತರದ್ದು. ನೆನಪು ಮಾಡುವಾಗ ಹುಬ್ಬು ಗಂಟಾಗ್ತದಲ್ಲ, ಸಿಟ್ಟು ಬಂದ ಹಾಗೆ ಕಾಣ್ತದೆ. ಪ್ರೀತಿಗೆ ಎರಡರದ್ದು, ಮೆಲ್ಲ. ಅಳ್ಲಿಕ್ಕೆ ಏಳರದ್ದೇ ಆಗ್ಬೇಕು. ಏಳು ಅಂತ ಎಳೆದು ಹೇಳಿ ನೋಡು, ಅಳುವ ಮುಖ ತನ್ನಿಂದ ತಾನೇ ಬರ್ತದೆ." ನಾನು ಕನ್ನಡಿಯ ಮುಂದೆ ಹೇಳಿ ನೋಡಿದೆ. ಬಂತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ನಗು ನಿಂತ ಮೇಲೆ ಆಂಟಿ ಬಾಲ್ಕನಿಯವರೆಗೆ ಹೋಗಿ ಬಂದರು. "ಒಂದು ಸಿನಿಮಾದಲ್ಲಿ ಮಾತ್ರ ಮಗ್ಗಿ ಹೇಳ್ಲಿಲ್ಲ" ಅಂದರು.

ಆ ಸಿನಿಮಾದ ಶೂಟಿಂಗ್ ನಡೆಯುತ್ತಿದ್ದಾಗ ಒಂದು ಬೆಳಿಗ್ಗೆ ಅವರಿಗೆ ಊರಿಂದ ಕಾಗದ ಬಂದಿತ್ತು. ಅಮ್ಮ ತೀರಿಕೊಂಡು ಇಪ್ಪತ್ತು ದಿನವಾಗಿದೆ, ಕೊನೆಯವರೆಗೂ ನಿನ್ನ ಹೆಸರು ಹೇಳುತ್ತಿದ್ದಳು, ನೀನು ಇನ್ನು ಈ ಕಡೆ ಬರುವುದು ಬೇಡ ಎಂದು ಅಣ್ಣ ಬರೆದಿದ್ದ. ಆಂಟಿ ಹೊಳೆಯ ದಂಡೆಯಲ್ಲಿ ಕೂತು ಅಳುತ್ತಿದ್ದುದನ್ನು ನಿರ್ದೇಶಕ ನೋಡಿದ. ವಿಷಯ ಕೇಳಿ ತಿಳಿದುಕೊಂಡು, "ಒಳ್ಳೇದಾಯ್ತು, ವಿಧವೆ ಅಳುವ ಸೀನು ಇವತ್ತೇ ತೆಗೆಯುವ" ಎಂದ. ಮುಖಕ್ಕೆ ಬೂದಿ ಬಳಿದು ಕ್ಯಾಮೆರಾದ ಮುಂದೆ ನಿಲ್ಲಿಸಿದರು. ಇದನ್ನು ಕೇಳುತ್ತಾ ನನಗೆ ಮೈಯೆಲ್ಲ ಉರಿಯಿತು, ಆಂಟಿ ಮಾತ್ರ ಉಗುರಿನಲ್ಲಿ ಕಿಟಕಿಯ ಪರದೆಯ ದಾರ ಕೀಳುತ್ತಿದ್ದರು.

"ಅವತ್ತು ನಾನು ಅಮ್ಮನ ಹತ್ರ ಮಾತಾಡಿದ್ದು. ಹೇಳ್ಲಿಕ್ಕಿದ್ದದ್ದು ಎಲ್ಲ ಹೇಳಿದ್ದೇನೆ ಅಂತ ಗೊತ್ತುಂಟು. ಎಂತ ಹೇಳಿದ್ದು ಅಂತ ಒಂದಕ್ಷರ ನೆನಪಿಲ್ಲ. ಸಿನಿಮಾ ಸಿಕ್ಕಿದ್ರೆ ನನ್ನ ತುಟಿ ನಾನೇ ಓದ್ತೇನೆ. ಕಣ್ಣು ಹೋಗುವ ಮೊದ್ಲು ಸಿಗ್ಬೇಕು ಅಷ್ಟೇ."

ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಇಳಿದಿತ್ತು. ದೃಷ್ಟಿಯ ನಟ್ಟನಡುವೆ ಒಂದು ಮಸುಕು ಸೇರಿಕೊಂಡಿತ್ತು, ಅದು ದೊಡ್ಡದಾಗುತ್ತಲೇ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು.

ಹುಡುಕಲು ಹೊರಟೆವು. ನನ್ನ ಪಕ್ಕದ ಕ್ಯೂಬಿಕಲ್ಲಿನ ಗ್ರೆಗ್ ಎಂಬವನಿಗೆ ಈ ಇಟಾಲಿಯನ್ ಸಿನಿಮಾಗಳ ಹುಚ್ಚು, ಮನೆಯಲ್ಲಿ ಗೋಡೆ ತುಂಬ ವೀಡಿಯೊ ಟೇಪು. ಟಾನ್ಯಾ ಬೆಂಗಾಲ್ ಎಂದು ನಾನು ಅಂದದ್ದೇ ತಡ, ಕುರ್ಚಿಯಿಂದ ಎದ್ದು ನಿಂತ. "ಬದುಕಿದಾಳಾ?" ಎಂದ. ಬದುಕಿದ್ದಾರೆ, ನನ್ನ ರವಿಕೆ ಹೊಲಿಯುತ್ತಾರೆ ಎಂದೆ. ಮಧ್ಯಾಹ್ನವಿಡೀ ಅವನು ಕೆಲಸ ಮಾಡಲಿಲ್ಲ. ಆದರೆ ಬೇಕಾದ ಸಿನಿಮಾದ ಹೆಸರು ಆಂಟಿಗೇ ಗೊತ್ತಿರಲಿಲ್ಲ. ತೆಗೆಯುವಾಗ ಒಂದು ಹೆಸರು, ಇಟಲಿಯಲ್ಲಿ ಬಿಡುಗಡೆಯಾಗುವಾಗ ಒಂದು, ಅಮೆರಿಕಕ್ಕೆ ಬಂದಾಗ ಮತ್ತೊಂದು. ಬೂದಿ ಬಳಿದುಕೊಂಡ ವಿಧವೆ, ಬಿಳಿ ಕುದುರೆಯ ಸಿಪಾಯಿಗಳು, ಹೊಳೆಯ ದಂಡೆ ಎನ್ನುವ ಗುರುತು ಹಿಡಿದು ಗ್ರೆಗ್ ಇಂಟರ್‌ನೆಟ್ಟಿನಲ್ಲಿ ತನ್ನಂಥ ಹುಚ್ಚರನ್ನೆಲ್ಲ ಕೇಳುತ್ತಾ ಹೋದ.

ಮೊದಲು ಬಂದ ಮೂರು ಟೇಪೂ ಬೇರೆಯವೇ. ಒಂದೊಂದಕ್ಕೂ ಆಂಟಿ ತಲೆ ಬಾಚಿಕೊಂಡು, ಪೌಡರು ಹಾಕಿಕೊಂಡು ಕಾಯುವರು, ಶುರುವಾದ ಐದು ನಿಮಿಷಕ್ಕೆ "ಥೂ, ಇದಲ್ಲ!" ಎಂದು ಎದ್ದು ನಡೆದಾಡುವರು. ಆದರೂ ಪೂರ್ತಿ ನೋಡುತ್ತಿದ್ದೆವು. ಪೂಜಾರಿಣಿ ಕೈಯೆತ್ತಿ ಶಾಪ ಹಾಕುವಾಗ ಯಾರೋ ಇಂಗ್ಲಿಷ್ ಹೆಂಗಸಿನ ಧ್ವನಿ ಗುಡುಗುತ್ತಿರುತ್ತಿತ್ತು, ತುಟಿ ಮಾತ್ರ ಹತ್ತೊಂಬತ್ನಾಲ್ಕ್ಲ ಎಪ್ಪತ್ತಾರು ಎನ್ನುತ್ತಿತ್ತು. "ನೋಡು, ಎಪ್ಪತ್ತಾರಕ್ಕೆ ಚಾಕು ಹಾಕಿದ, ತೊಂಬತ್ತೈದು ಹೇಳ್ಲಿಕ್ಕೆ ಬಿಡ್ಲಿಲ್ಲ ಆ ಹಾಳಾದವ" ಎಂದು ಆಂಟಿ ರೇಗುವರು. ನೋಡುತ್ತಾ ನೋಡುತ್ತಾ ಅವರ ತುಟಿ ಓದುವುದು ನನಗೂ ರೂಢಿಯಾಯಿತು. ಆದರೆ ಮೂರನೆಯ ಟೇಪಿನ ಹೊತ್ತಿಗೆ ಆಂಟಿ ಟೀವಿಯ ಗಾಜಿಗೆ ಮೂಗು ತಾಗಿಸಿ ನಿಲ್ಲುವಂತಾಗಿತ್ತು. ಅಂಗಡಿಯ ಕೆಲಸ ಬಿಟ್ಟರು. ನಾನು ಗ್ರೆಗ್‌ನನ್ನು ದಿನಾ ಪೀಡಿಸಿದೆ, ಅವನು ಬೇರೆ ಯಾರನ್ನೋ ಪೀಡಿಸಿದ.

ಸರಿಯಾದ ಟೇಪು ಬರುವಾಗ ನಮ್ಮ ಕಂಪನಿಯೇ ಮುಳುಗುತ್ತಿತ್ತು. ಮುಂದಿನ ವಾರ ಬಾಗಿಲು ಹಾಕಿದರು. ನಾನೂ ನನ್ನ ಗಂಡನೂ ಸಿಕ್ಕಿದ ಕೆಲಸ ಹಿಡಿದು ಟೆಕ್ಸಸ್ಸಿಗೆ ಹೊರಟೆವು. ಅಲ್ಲಿಂದ ಫೋನು ಮಾಡಿದರೆ ಆಂಟಿಯ ನಂಬರು ಕೆಲಸ ಮಾಡುತ್ತಿರಲಿಲ್ಲ. ಕಣ್ಣು ಕಾಣದ ಹೆಂಗಸು ಮತ್ತೆ ಮನೆ ಬದಲಾಯಿಸಿದ್ದರು, ಆ ಸಲ ಪೆಟ್ಟಿಗೆ ಹೊತ್ತವರು ಯಾರೋ ನನಗೆ ಗೊತ್ತಿಲ್ಲ. ಹಾಗಾಗಿ ಟೇಪು ಹಾಕಿದ ಆ ಶನಿವಾರವೇ ನಾನು ಅವರನ್ನು ಕೊನೆಗೆ ಕಂಡದ್ದು.

ಬಿಳಿ ಕುದುರೆ ಬಂತು. ಹೊಳೆ ಬಂತು. ಆಂಟಿ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದುಕೊಂಡರು. "ಬಂದೆನಾ ನಾನು?" ಎಂದರು. ಬಂದಿದ್ದರು. ಇಪ್ಪತ್ತೈದು ವರ್ಷ ಕೂಡ ಮುಟ್ಟದ ಹುಡುಗಿ, ಮುಖದ ತುಂಬ ಬೂದಿ, ಬೂದಿಯ ಮೇಲೆ ಕಣ್ಣೀರು ಹರಿದ ಗೆರೆ. ಕ್ಯಾಮೆರಾ ಅವಳ ಮುಖ ಬಿಟ್ಟು ಕದಲುವುದೇ ಇಲ್ಲ. ಯಾರೋ ಹೆಂಗಸು ಇಂಗ್ಲಿಷಿನಲ್ಲಿ ಹೊಳೆಯ ದೇವತೆಯನ್ನು ಕೂಗುತ್ತಿದ್ದಳು. ನಾನು ಧ್ವನಿ ಪೂರ್ತಿ ತಗ್ಗಿಸಿದೆ. ಆಂಟಿ ಮುಖವನ್ನು ಅತ್ತ ಓರೆ ಮಾಡಿ ಇತ್ತ ಓರೆ ಮಾಡಿ ನೋಡಿದರು. "ಬೆಳ್ಳಗೆ ಎಂತದೋ ಉಂಟು, ತುಟಿ ಕಾಣುದಿಲ್ಲ. ನೀನು ಓದು ಮಗಾ."

ನಾನು ಓದಿದೆ. ಏಳೊಂದ್ಲ ಏಳು. ಏಳೆರಡ್ಲ ಹದಿನಾಲ್ಕು. ಏಳ್ಮೂರ್ಲ ಇಪ್ಪತ್ತೊಂದು. ಹುಡುಗಿ ಎದೆ ಬಡಿದುಕೊಂಡು ಅಳುತ್ತಿದ್ದಳು, ತುಟಿ ಒಂದನ್ನೂ ಬಿಡದೆ ಮಗ್ಗಿ ಹೇಳುತ್ತಿತ್ತು.

"ಹೇಳು, ಎಂತ ಹೇಳ್ತಿದ್ದೇನೆ?"

ದೇವರೇ, ಏನು ಹೇಳಲಿ? ಬಾಯಿಗೆ ಬಂದದ್ದು ಹೇಳಿದೆ: "ಅಮ್ಮಾ, ನನ್ನ ಕ್ಷಮಿಸು, ನಿನ್ನ ಕೊನೆ ಘಳಿಗೇಲಿ ನಾನು ಬರಕ್ಕಾಗ್ಲಿಲ್ಲ, ಅಂತಿದೀರಾ ಆಂಟಿ."

ಆಂಟಿ ಮೊಣಕೈ ಬಿಟ್ಟರು.

"ನನ್ನ ಅಮ್ಮನಿಗೆ ಕನ್ನಡ ಬರ್ತಿರ್ಲಿಲ್ಲ ಮಾರಾಯ್ತಿ."

ನೆಲ ಬಿರಿಯಬಾರದೇ ಅನ್ನಿಸಿತು. ಕೊಂಕಣಿಯಲ್ಲಿ ಆಡಿದ್ದರೆ ನಾನು ಓದುವುದಾದರೂ ಹೇಗೆ ಎಂಬುದು ನನ್ನ ಮಂಕು ತಲೆಗೆ ಹೊಳೆದೇ ಇರಲಿಲ್ಲ.

"ಏಳರದ್ದಾ?" ಅಂದರು.

"ಹೂಂ ಆಂಟಿ."

"ತಪ್ಪಿದ್ದೇನಾ ಎಲ್ಲಿಯಾದ್ರೂ?"

"ಇಲ್ಲ. ಅರವತ್ಮೂರರವರೆಗೂ ಸರಿಯಾಗಿದೆ."

"ಎಂಥ ಹೆಂಗಸು ನಾನು! ಅಮ್ಮ ಸತ್ತದ್ದಕ್ಕೆ ಮಗ್ಗಿ!" ಎಂದು ಗೋಡೆಗೆ ಅಂಗೈಯಿಂದ ಹೊಡೆದರು. ಕಣ್ಣೀರು ನಿಜದ್ದೇ ಆಂಟಿ, ಕಾಣುತ್ತಿದೆ ಎಂದೆ. "ಕಣ್ಣೀರು ಎಲ್ಲ ಸಿನಿಮಾದಲ್ಲೂ ಬರ್ತಿತ್ತು" ಎಂದು ನನ್ನ ಮೇಲೆ ಹರಿಹಾಯ್ದರು. ಅಡುಗೆಮನೆಗೆ ಹೋದರು, ನಲ್ಲಿ ಬಿಟ್ಟರು, ನಿಲ್ಲಿಸಿದರು. ತಿರುಗಿ ಬಂದಾಗ ಮುಖ ತೊಳೆದುಕೊಂಡಿದ್ದರು.

"ಹಿಂದೆ ಹಾಕು" ಎಂದರು. "ಧ್ವನಿ ಬೇಡ. ಅವಳು ತುಟಿ ತೆಗೆಯುವಾಗ ನನ್ನ ಬೆನ್ನು ಮುಟ್ಟು."

ನಾನು ಟೇಪನ್ನು ಹಿಂದಕ್ಕೆ ಓಡಿಸಿದೆ. ಆಂಟಿ ಟೀವಿಗೆ ಎರಡಡಿ ದೂರದಲ್ಲಿ ಕೈ ಕಟ್ಟಿಕೊಂಡು ನಿಂತರು. ಹುಡುಗಿ ತುಟಿ ತೆರೆದಳು, ನಾನು ಬೆನ್ನು ಮುಟ್ಟಿದೆ. ಆಂಟಿ "ಮಾಂಯ್" ಎಂದರು. ಅಮ್ಮ ಎನ್ನುವುದಕ್ಕೆ ಅವರ ಮಾತು ಅದು ಎನ್ನುವುದಷ್ಟೇ ನನಗೆ ಗೊತ್ತು. ಆಮೇಲೆ ಹೇಳಿದ್ದರಲ್ಲಿ ಒಂದು ಮಾತೂ ನನಗೆ ತಿಳಿಯಲಿಲ್ಲ. ಮೊದಮೊದಲು ಹುಡುಗಿಯ ತುಟಿಗೆ ಸರಿಯಾಗಿ ಕೂಡುವಂತೆ ತಡೆತಡೆದು ಆಡುತ್ತಿದ್ದರು, ಬರಬರುತ್ತಾ ವೇಗವಾಯಿತು, ನಡುವೆ ಒಮ್ಮೆ ಜಗಳವಾಡಿದ ಹಾಗೆ ಕೇಳಿಸಿತು, ಒಮ್ಮೆ ನಕ್ಕ ಹಾಗೂ ಕೇಳಿಸಿತು. ಪರದೆಯ ಮೇಲೆ ಸಿಪಾಯಿಗಳು ಬಂದು ಹುಡುಗಿಯನ್ನು ಎಳೆದುಕೊಂಡು ಹೋದರು, ಬೇರೆ ಯಾವುದೋ ದೃಶ್ಯ ಬಂತು. ಮುಗಿಯಿತೆಂದು ನಾನು ಹೇಳಲಿಲ್ಲ. ಆಂಟಿ ಇನ್ನೂ ಮಾತಾಡುತ್ತಿದ್ದರು.